ಒಣಗುವ ಎಣ್ಣೆ

ಹೋದ ವರ್ಷ ಚಳಿಗಾಲದ ರಜೆಗೆ ಮಗಳು ಅಮೆರಿಕದಿಂದ ಬಂದಳು. ಸೂಟ್‌ಕೇಸಿನಲ್ಲಿ ಎಂದಿನಂತೆ ಚಾಕೊಲೇಟು, ಬದಾಮಿ, ಅವರ ಅಪ್ಪನಿಗೆ ಸ್ವೆಟರು, ನನ್ನ ಮೊಣಕಾಲಿಗೆ ಒಂದು ಮುಲಾಮು. ಇವನ್ನೆಲ್ಲ ತೆಗೆದಿಟ್ಟ ಮೇಲೆ ತಳದಲ್ಲಿ ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿದ ಸಣ್ಣ ಬಾಟಲಿ ಉಳಿದಿತ್ತು.

"ಅವ್ವಾ, ಇದು ಅಕ್ರೋಟಿನ ಎಣ್ಣಿ. ತಿನ್ನಾಕ ತಂದಿಲ್ಲ. ಕಟಗಿ ಬಟ್ಟಲಕ್ಕ ಹಚ್ಚಾಕ."

ಬಟ್ಟಲಕ್ಕೆ ಎಣ್ಣೆಯೇ ಎಂದು ಅವರಪ್ಪ ನಕ್ಕರು. ಅವಳು ಬಿಡಲಿಲ್ಲ. ಅಲ್ಲಿ ಕೈಕಸಬಿನ ಸಂತೆಯೊಂದರಲ್ಲಿ ಕಟ್ಟಿಗೆಯ ಬಟ್ಟಲು ಕೊಂಡಿದ್ದಳಂತೆ. ಹಸಿ ಸೊಪ್ಪು ಕಲಸಿ ತಿನ್ನುವ ಬಟ್ಟಲು. ಮಾರಿದವನು ಈ ಎಣ್ಣೆಯ ವಿದ್ಯೆಯನ್ನೂ ಹೇಳಿಕೊಟ್ಟನಂತೆ. ಸ್ವಲ್ಪ ಹಚ್ಚಿ ತಿಕ್ಕಬೇಕು, ಮಿಕ್ಕದ್ದನ್ನು ಒರೆಸಿಬಿಡಬೇಕು, ವಾರಗಟ್ಟಲೆ ಮುಟ್ಟದೆ ಇಡಬೇಕು. ಎಣ್ಣೆ ಒಣಗಿ ಕಟ್ಟಿಗೆಯೊಳಗೇ ಕೂತುಬಿಡುತ್ತದೆ. ಆಮೇಲೆ ನೀರು ಹೀರುವುದಿಲ್ಲ, ಕಮಟು ನಾರುವುದಿಲ್ಲ. "ಎಣ್ಣಿ ಒಣಗತೈತಿ ಅಂತ ನನಗ ಗೊತ್ತ ಇರಲಿಲ್ಲ ಬೇ," ಎಂದಳು, ದೊಡ್ಡ ಶೋಧ ಮಾಡಿದವಳಂತೆ.

"ಕುಸುಬಿ ಎಣ್ಣಿನೂ ಒಣಗತೈತಿ," ಎಂದುಬಿಟ್ಟೆ ನಾನು.

ಆ ಮಾತು ಬಾಯಿಂದ ಬಿದ್ದ ಮೇಲೆ ಮುಂದೆ ಮಾತಾಡಲು ಮನಸ್ಸಾಗಲಿಲ್ಲ. ಅಟ್ಟದ ಮೇಲೆ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಟ್ಟ ಮರಿಗೆ ನೆನಪಾಗಿತ್ತು. ಅದನ್ನು ಅಲ್ಲಿ ಅಡಗಿಸಿಟ್ಟು ಹತ್ತು ವರ್ಷ ದಾಟಿತ್ತು. ಅಡಗಿಸಿಟ್ಟು ಎಂದೇ ಹೇಳಬೇಕು.

ಬಮ್ಮಿಗಟ್ಟಿ ನನ್ನ ತವರು. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಊರು. ಜಿಲ್ಲೆಯ ನಕಾಶೆ ಹರವಿಕೊಂಡು ಕೂತರೆ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿ. ಕಣ್ಣು ಹರಿಯುವ ತನಕ ಕರಿಮಣ್ಣು, ನಡುವೆ ಎಲ್ಲೋ ಒಂದು ಬೇವಿನ ಗಿಡ, ಒಂದು ಜಾಲಿ. ಪಶ್ಚಿಮಕ್ಕೆ ಬಂದಂತೆ ಮಣ್ಣು ಕೆಂಪಾಗುತ್ತದೆ, ಭತ್ತದ ಗದ್ದೆ ಸುರುವಾಗುತ್ತದೆ, ಕಲಘಟಗಿ ದಾಟಿ ಮುಂದೆ ಹೋದರೆ ಯಲ್ಲಾಪುರ, ಮುಂಡಗೋಡಗಳ ಅಡವಿ. ಬೆಳವಲ ಮುಗಿದು ಮಲೆನಾಡು ಮೊದಲಾಗುವ ಸೆರಗಿನಂಚು ನಮ್ಮದು. ಬೆಳವಲದವರಲ್ಲಿ ಎಣ್ಣೆಕಾಳು ಇತ್ತು, ಕಟ್ಟಿಗೆ ಇರಲಿಲ್ಲ. ನಮ್ಮಲ್ಲಿ ಕಟ್ಟಿಗೆಗೆ ಬರವಿರಲಿಲ್ಲ, ಕುಸುಬಿ ಮಾತ್ರ ನಮ್ಮ ಮಣ್ಣಿಗೆ ಒಗ್ಗುತ್ತಿರಲಿಲ್ಲ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನವಲಗುಂದದ ಕಡೆಯ ಬೆಳವಲದ ಹೆಣ್ಣು. ಸ್ವಾತಂತ್ರ್ಯ ಬರುವ ಮೊದಲೇ ಬಮ್ಮಿಗಟ್ಟಿಗೆ ನಡೆದವಳು. ಅನ್ನ ಉಣ್ಣುವ ಊರಿಗೆ ಬಂದರೂ ಅವಳಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಇಳಿಯುತ್ತಿರಲಿಲ್ಲವಂತೆ. ಮಾವ ಕನಿಕರದ ಮನುಷ್ಯ. ಆಯದ ಬಡಿಗೇರನಿಗೆ ಹೇಳಿ ಸೊಸೆಗೆ ಹಿಟ್ಟು ನಾದಲು ಮರಿಗೆ ಮಾಡಿಸಿಕೊಟ್ಟ. ಶಿವನಿ ಕಟ್ಟಿಗೆಯ ಒಂದೇ ದಿಮ್ಮಿ. ಬಾಚಿಯಿಂದ ಹೊರಮೈ ಕೆತ್ತಿ, ಉಳಿಯಿಂದ ಒಳಗನ್ನು ತೋಡಿದ್ದು. ಶಿವನಿ ಹಗುರ ಕಟ್ಟಿಗೆ, ಸೊಟ್ಟಾಗುವುದು, ಸೀಳುವುದು ಕಡಿಮೆ. ಹಿಡಿಯಲು ಎರಡು ಕಡೆ ಕಿವಿ. ಒಂದು ಕಿವಿ ಇನ್ನೊಂದಕ್ಕಿಂತ ತುಸು ಸಣ್ಣದು. ಬಡಿಗೇರನಿಗೆ ಅವತ್ತು ಹೊಟ್ಟೆ ಹಸಿದಿತ್ತು ಎಂದು ಆಯಿ ಹೇಳುತ್ತಿದ್ದಳು.

ಸುಗ್ಗಿ ಮುಗಿದು ಕುಸುಬಿ ಗಾಣಕ್ಕೆ ಹೋಗಿ ಹೊಸ ಎಣ್ಣೆ ಬರುವುದು ಶಿವರಾತ್ರಿ, ಹೋಳಿಹುಣ್ಣಿಮೆಯ ಸುಮಾರಿಗೆ. ಆಯಿಯ ತವರಿನಿಂದ ಚಕ್ಕಡಿಯಲ್ಲಿ ಎಣ್ಣೆಯ ಡಬ್ಬಿ ಬರುತ್ತಿತ್ತು. ಮೊದಲ ಎಣ್ಣೆ ದೇವರ ದೀಪಕ್ಕೆ. ಎರಡನೆಯದು ಮರಿಗೆಗೆ. ಒಗ್ಗರಣೆಯ ಪಾಳಿ ಆಮೇಲೆ.

ನಾನು ಕಂಡದ್ದು ಅರವತ್ತರ ದಶಕದ ಕೊನೆಯ ಮಾತು. ಆಯಿ ಹೇಳಿಕೊಡುತ್ತಿದ್ದಳು, ಅವ್ವ ಮಾಡುತ್ತಿದ್ದಳು, ಅಕ್ಕ ಕೈಗೂಡಿಸುತ್ತಿದ್ದಳು, ನಾನು ನಡುವೆ ಕೈಯಾಡಿಸಿ ಬೈಸಿಕೊಳ್ಳುತ್ತಿದ್ದೆ. ಮರಿಗೆಯನ್ನು ಸೀಗೆಪುಡಿಯಿಂದ ತಿಕ್ಕಿ ತೊಳೆದು ಎರಡು ದಿನ ನೆರಳಲ್ಲಿ ಆರಿಸಬೇಕು. ಬಿಸಿಲಿಗೆ ಇಡಕೂಡದು, ಇಟ್ಟರೆ ಬಾಯಿ ಬಿಡುತ್ತದೆ. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಹಳೆಯ ಧೋತರದ ತುಂಡಿಗೆ ತಗೊಂಡು ಕಟ್ಟಿಗೆಯ ಎಳೆ ಹಿಡಿದು ತಿಕ್ಕಬೇಕು. ಎಳೆಗೆ ಅಡ್ಡ ಹೋಗಬಾರದು. ದಿಮ್ಮಿಯ ಕೊಯ್ದ ತುದಿ ಕಾಣುವ ಎರಡು ಬದಿಗಳು ಎಷ್ಟು ಕೊಟ್ಟರೂ ಕುಡಿಯುತ್ತವೆ, ಅಲ್ಲಿ ಎರಡು ಸಲ, ಮೂರು ಸಲ. ಒಂದು ಊಟ ಮುಗಿಯುವಷ್ಟು ಹೊತ್ತು ಬಿಟ್ಟು, ಒಣ ಅರಿವೆಯಿಂದ ಮೇಲಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ನನಗೆ ಈ ಒರೆಸುವುದೇ ತಿಳಿಯುತ್ತಿರಲಿಲ್ಲ. ಹಚ್ಚಿದ್ದನ್ನು ಯಾಕೆ ಒರೆಸುತ್ತಾರೆ?

"ಕಣ್ಣಿಗೆ ಎಣ್ಣಿ ಕಂಡರ ಎಣ್ಣಿ ಹೆಚ್ಚಾತು ಅಂತ ತಿಳಿ," ಎನ್ನುತ್ತಿದ್ದಳು ಆಯಿ.

ಆಮೇಲೆ ಪಡಸಾಲೆಯ ಮೂಲೆಯಲ್ಲಿ, ಗಾಳಿ ಆಡುವ ಕಡೆ, ಎಂಟು ದಿನ. ಅಷ್ಟು ದಿನ ಹಿಟ್ಟು ನಾದುವುದು ಹಿತ್ತಾಳೆಯ ಪರಾತದಲ್ಲಿ. ಎಂಟನೆಯ ದಿನ ಆಯಿ ಮುಂಗೈ ಸವರಿ ನೋಡಿ ಮತ್ತೊಂದು ಸಲ ಹಚ್ಚಿಸುತ್ತಿದ್ದಳು. ಹೀಗೆ ಮೂರು ಸಲ. ಯುಗಾದಿಯ ಹೋಳಿಗೆಯ ಕಣಕವನ್ನು ಅದರಲ್ಲಿ ನಾದುವ ಹೊತ್ತಿಗೆ ಮರಿಗೆಗೆ ಜೇನಿನ ಬಣ್ಣ ಬಂದಿರುತ್ತಿತ್ತು.

ಇನ್ನೊಂದು ಕಟ್ಟಳೆ. ಎಣ್ಣೆ ತಿಕ್ಕಿದ ಅರಿವೆಯನ್ನು ಮುದ್ದೆ ಮಾಡಿ ಒಗೆಯಬಾರದು, ಕೂಡಲೆ ಒಲೆಗೆ ಹಾಕಬೇಕು. ಒಂದು ಸಲ ನಾನು ಅದನ್ನು ಮುದುಡಿ ಹೊಟ್ಟಿನ ಚೀಲಗಳ ಸಂದಿಗೆ ತುರುಕಿ ಆಡಲು ಓಡಿದ್ದೆ. ಅವ್ವ ಹುಡುಕಿ ತೆಗೆದು ಒಲೆಗೆ ಹಾಕಿ, ಬಂದು ನನ್ನ ಬೆನ್ನಿಗೆ ಎರಡು ಕೊಟ್ಟಳು. ಯಾಕೆಂದು ಕೇಳಿದರೆ "ಮೊದಲಿಂದ ಹಂಗ ಐತಿ" ಎಂದಷ್ಟೇ ಉತ್ತರ. ಆ ಏಟಿನ ಅರ್ಥ ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ನೀರು ಒಣಗುವುದು ಬೇರೆ, ಎಣ್ಣೆ ಒಣಗುವುದು ಬೇರೆ. ನೀರು ಆರಿದರೆ ಹಾರಿಹೋಗುತ್ತದೆ. ಎಣ್ಣೆ ಎಲ್ಲಿಯೂ ಹೋಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು ಅದರ ಕಣಗಳು ಒಂದಕ್ಕೊಂದು ಕೈಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಹಚ್ಚಿದ ಎಣ್ಣೆ ಒಣಗುವಾಗ ತೂಕ ಕಳೆಯುವ ಬದಲು ತುಸು ಹೆಚ್ಚುತ್ತದೆ. ಈ ಹೆಣಿಗೆಯ ಹೊತ್ತಿಗೆ ಶಾಖ ಹುಟ್ಟುತ್ತದೆ. ತೆಳ್ಳಗೆ ಹರವಿದ್ದರೆ ಶಾಖ ಗಾಳಿಗೆ ಹೋಗುತ್ತದೆ. ಅರಿವೆಯನ್ನು ಮುದ್ದೆ ಮಾಡಿದರೆ ಒಳಗೇ ಕೂಡುತ್ತ ಕೂಡುತ್ತ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅಗಸೆ ಎಣ್ಣೆಯ ಅರಿವೆಗಳಿಂದ ಬಡಿಗತನದ ಕಾರ್ಖಾನೆಗಳು ಸುಟ್ಟ ಉದಾಹರಣೆಗಳು ಎಷ್ಟೋ ಇವೆ. ನಮ್ಮದು ಹೊಟ್ಟಿನ ಚೀಲಗಳ ಸಂದಿ! ಅವ್ವ ಎರಡೇ ಕೊಟ್ಟಳಲ್ಲ ಎಂದು ಈಗ ಅನಿಸುತ್ತದೆ.

ಎಲ್ಲ ಎಣ್ಣೆಗೂ ಈ ಗುಣವಿಲ್ಲ. ಎಣ್ಣೆ ಎಷ್ಟು ಒಣಗೀತು ಎಂದು ಅಳೆಯಲು ರಸಾಯನಶಾಸ್ತ್ರದವರು ಆಯೋಡಿನ್ ಮೌಲ್ಯ ಎಂಬ ಅಂಕಿ ಇಟ್ಟುಕೊಂಡಿದ್ದಾರೆ. ಕೊಬ್ಬರಿ ಎಣ್ಣೆಗೆ ಅದು ಹತ್ತರ ಆಸುಪಾಸು. ಹರಳೆಣ್ಣೆಗೆ 85ರ ಸುಮಾರು, ಶೇಂಗಾ ಎಣ್ಣೆಗೆ 90ರ ಆಚೀಚೆ. ಇವು ಒಣಗುವುದಿಲ್ಲ. ಅಕ್ರೋಟು ಎಣ್ಣೆ, ಕುಸುಬಿ ಎಣ್ಣೆ ಎರಡೂ 140-150ರ ಮನೆಯವು. ಅಗಸೆ ಎಣ್ಣೆ 170 ದಾಟುತ್ತದೆ, ಎಲ್ಲಕ್ಕಿಂತ ಬೇಗ ಒಣಗುತ್ತದೆ. ಆಯಿಯ ಮನೆಯಲ್ಲಿ ಈ ಅಂಕಿ ಯಾರಿಗೆ ಗೊತ್ತಿತ್ತು? ಆದರೆ ನೋಡಿ, ಎಂದೂ ಒಣಗದ ಹರಳೆಣ್ಣೆ ತಲೆಗೂ ಚಕ್ಕಡಿಯ ಅಚ್ಚಿಗೂ ಹೋಗುತ್ತಿತ್ತು. ಶೇಂಗಾ ಎಣ್ಣೆ ಬಾಣಲೆಗೆ. ಮರಿಗೆಗೆ ಮಾತ್ರ ಕುಸುಬಿ, ಅದು ತೀರಿದ್ದರೆ ಅಗಸೆ. ಒಂದು ವರ್ಷ ಕುಸುಬಿ ಬರುವುದು ತಡವಾಗಿ ಅವ್ವ ಶೇಂಗಾ ಎಣ್ಣೆ ಹಚ್ಚಿಬಿಟ್ಟಳು. ಮಳೆಗಾಲದ ಹೊತ್ತಿಗೆ ಮರಿಗೆ ಅಂಟಂಟಾಗಿ, ಕಮಟು ನಾತ ಹಿಡಿದು, ಹಿಟ್ಟಿಗೂ ಅದೇ ವಾಸನೆ. ಆಯಿ ಬೈಯಲಿಲ್ಲ. ಮರಿಗೆಯನ್ನು ಸೊಸೆಯ ಮೂಗಿನ ಹತ್ತಿರ ಹಿಡಿದಳು, ಅಷ್ಟೇ.

ಕಲಘಟಗಿ ಎಂದ ಕೂಡಲೆ ನಿಮಗೆ ತೊಟ್ಟಿಲು ನೆನಪಾಗಿರಬೇಕು. ಸಾಗವಾನಿ ಕಟ್ಟಿಗೆಯ ಮೇಲೆ ಚಿತ್ರಗಾರ ಮನೆತನದವರು ಅರಗು, ಬಣ್ಣಗಳಲ್ಲಿ ಕೃಷ್ಣನ ಬಾಲಲೀಲೆ, ದಶಾವತಾರ ಬರೆಯುವ ತೊಟ್ಟಿಲು. ತವರಿನವರು ಚೊಚ್ಚಲ ಬಾಣಂತಿಗೆ ಕೊಡುವುದು, ಒಂದೇ ತೊಟ್ಟಿಲಲ್ಲಿ ಮೂರು ನಾಲ್ಕು ತಲೆಮಾರಿನ ಕೂಸುಗಳು ಮಲಗಿ ಏಳುವುದು, ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ತೊಟ್ಟಿಲಿನ ಬಗ್ಗೆ ಪತ್ರಿಕೆಗಳಲ್ಲಿ ಬರೆದಿದ್ದಾರೆ, ಪ್ರದರ್ಶನಗಳಲ್ಲಿ ಇಟ್ಟಿದ್ದಾರೆ. ಬರೆಯಬೇಕಾದದ್ದೇ. ಅದೇ ಊರುಗಳಲ್ಲಿ ಅದೇ ಅಡವಿಯ ಕಟ್ಟಿಗೆಗೆ ಹೆಂಗಸರು ಇನ್ನೊಂದು ಬಗೆಯ ಮೆರುಗು ಕೊಡುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅರಗು ಹುಳು ಸುರಿಸುವ ಅಂಟು. ಹೊಳಪಿನಲ್ಲಿ ಅದನ್ನು ಮೀರಿಸುವುದಿಲ್ಲ. ಆದರೆ ಶಾಖಕ್ಕೆ ಮೆತ್ತಗಾಗುತ್ತದೆ, ಬಿಸಿನೀರು ತಾಕಿದರೆ ಬೆಳ್ಳಗೆ ಮಬ್ಬಾಗುತ್ತದೆ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಶಾಖದಿಂದಲೇ ಅದನ್ನು ಕರಗಿಸಿ ಹಿಡಿಸುತ್ತಾರೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿಯುವ ಮರಿಗೆಗೆ ಅರಗು ನಡೆಯುವುದಿಲ್ಲ. ಕೂಸು ಮಲಗುವುದಕ್ಕೆ ಅರಗು, ಕೈ ನಾದುವುದಕ್ಕೆ ಎಣ್ಣೆ.

ಎಣ್ಣೆಯ ಚರಿತ್ರೆ ನಮ್ಮಲ್ಲಿ ಬರೆದಿಲ್ಲವೆಂದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ತೆಲ್ಲಿಗರೈವತ್ತೊಕ್ಕಲು' ಎಂದು ಗಾಣಿಗರ ಸಂಘದ ಹೆಸರು ಬರುತ್ತದೆ. ಇಂತಿಷ್ಟು ಗಾಣಕ್ಕೆ ಇಂತಿಷ್ಟು ಎಣ್ಣೆ ದೇವರ ನಂದಾದೀಪಕ್ಕೆ ಎಂದು ಬಿಟ್ಟ ದತ್ತಿಗಳಿವೆ. ವಚನಕಾರರ ಕಾಲದ ಶರಣರಲ್ಲಿ ಗಾಣದ ಕಣ್ಣಪ್ಪನಿದ್ದಾನೆ. ಕಲ್ಲಿಗೆ ಏರಿದ್ದು ಗುಡಿಯ ದೀಪದ ಎಣ್ಣೆ. ಅಡುಗೆಮನೆಯ ಎಣ್ಣೆ ಕಲ್ಲಿಗೆ ಏರಲಿಲ್ಲ.

ಮಗಳ ಬಾಟಲಿಯ ಎಣ್ಣೆಗೆ ಮಾತ್ರ ದೊಡ್ಡ ಚರಿತ್ರೆಯಿದೆ. ಅಕ್ರೋಟು ನಮ್ಮ ಕಡೆ ಬೆಳೆಯುವ ಗಿಡವಲ್ಲ, ಕಾಶ್ಮೀರ, ಹಿಮಾಚಲಗಳ ಥಂಡಿಯದು. ಯುರೋಪಿನವರಿಗೆ ಹಳೆಯ ನಂಟು. ಆರನೆಯ ಶತಮಾನದ ಗ್ರೀಕ್ ವೈದ್ಯ ಏಷಿಯಸ್ ಔಷಧಿಯ ಮಾತಾಡುತ್ತ, ಅಕ್ರೋಟಿನ ಎಣ್ಣೆ ಒಣಗುತ್ತದೆ, ಚಿನ್ನದ ಲೇಪ ಮಾಡುವವರಿಗೆ ಉಪಯೋಗ ಬೀಳುತ್ತದೆ ಎಂದು ಬರೆದಿಟ್ಟ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಥಿಯೋಫಿಲಸ್ ಎಂಬ ಸನ್ಯಾಸಿ ಬಾಗಿಲುಗಳಿಗೆ ಕೆಂಪು ಬಣ್ಣ ಹಚ್ಚಲು ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆಯಬೇಕೆಂದು ಹೇಳಿ, ಒಂದು ಪದರು ಒಣಗದೆ ಇನ್ನೊಂದು ಹಚ್ಚುವ ಹಾಗಿಲ್ಲ, ಇದು ಬಲು ಬೇಸರದ ಕೆಲಸ ಎಂದು ಗೊಣಗಿದ. ನಮ್ಮ ಪಡಸಾಲೆಯಲ್ಲಿ ಎಂಟು ದಿನ ಮರಿಗೆ ಮುಟ್ಟದೆ ಕಾದವರಿಗೆ ಅವನ ಗೊಣಗಾಟ ಅರ್ಥವಾದೀತು.

1550ರಲ್ಲಿ ಇಟಲಿಯ ವಸಾರಿ ಚಿತ್ರಕಾರರ ಚರಿತ್ರೆ ಬರೆದಾಗ ಒಂದು ಕಥೆ ಹೇಳಿದ. ಫ್ಲಾಂಡರ್ಸಿನ ಚಿತ್ರಕಾರ ಯಾನ್ ವಾನ್ ಐಕ್ ಒಂದು ಹಲಗೆಗೆ ಬಹಳ ದುಡಿದು ಚಿತ್ರ ಬರೆದು, ಮೇಲೆ ಮೆರುಗೆಣ್ಣೆ ಹಚ್ಚಿ ಬಿಸಿಲಿಗೆ ಇಟ್ಟನಂತೆ. ಹಲಗೆ ಬೆಸುಗೆಯಲ್ಲಿ ಬಾಯಿ ಬಿಟ್ಟಿತಂತೆ. ಆ ಸಿಟ್ಟಿನಲ್ಲಿ ನೆರಳಲ್ಲೇ ಒಣಗುವ ಎಣ್ಣೆ ಯಾವುದಿದೆ ಎಂದು ಹುಡುಕುತ್ತ ಹೋಗಿ ಅಗಸೆ, ಅಕ್ರೋಟು ಎರಡನ್ನೂ ಕಂಡುಕೊಂಡನಂತೆ, ಎಣ್ಣೆಬಣ್ಣದ ಚಿತ್ರಕಲೆ ಅಲ್ಲಿಂದ ಹುಟ್ಟಿತಂತೆ. ವಾನ್ ಐಕ್ ತೀರಿದ್ದು 1441ರಲ್ಲಿ. ಅವನಿಗಿಂತ ಮುನ್ನೂರು ವರ್ಷ ಮೊದಲಿನ ಥಿಯೋಫಿಲಸ್ಸನ ಪುಸ್ತಕ ಇರುವಾಗ ಈ ಕಥೆ ನಿಲ್ಲುವುದಿಲ್ಲ. ಆದರೂ ನನಗೆ ಇದು ಪ್ರೀತಿಯ ಕಥೆ. ಬಿಸಿಲಿಗೆ ಇಟ್ಟರೆ ಬಾಯಿ ಬಿಡುತ್ತದೆ ಎಂದು ಹೇಳಲು ಆ ಮಹಾನುಭಾವನ ಮನೆಯಲ್ಲಿ ಒಬ್ಬ ಆಯಿ ಇರಲಿಲ್ಲವಲ್ಲ ಎನಿಸುತ್ತದೆ.

ವಸಾರಿಯ ಕಥೆಗೆ ಕೊನೆಯ ಪೆಟ್ಟು ಬಿದ್ದದ್ದು ನಮ್ಮ ನೆರೆಹೊರೆಯಿಂದ. ಆಫ್ಘಾನಿಸ್ತಾನದ ಬಾಮಿಯಾನಿನಲ್ಲಿ ಬೆಟ್ಟದ ಎತ್ತರಕ್ಕೆ ಕೊರೆದ ಬುದ್ಧಮೂರ್ತಿಗಳಿದ್ದವು. 2001ರ ಮಾರ್ಚ್‌ನಲ್ಲಿ ತಾಲಿಬಾನಿಗಳು ಅವನ್ನು ಸಿಡಿಸಿದರು. ಮೂರ್ತಿಗಳು ಹೋದ ಮೇಲೆ ಹಿಂದಿನ ಗುಹೆಗಳ ಗೋಡೆಚಿತ್ರಗಳನ್ನಾದರೂ ಉಳಿಸೋಣವೆಂದು ಜಪಾನಿನ, ಫ್ರಾನ್ಸಿನ ವಿದ್ವಾಂಸರು ಬಣ್ಣದ ಚೂರುಗಳನ್ನು ಪರೀಕ್ಷೆ ಮಾಡಿದರು. ಐವತ್ತು ಗುಹೆಗಳಲ್ಲಿ ಹನ್ನೆರಡರಲ್ಲಿ ಒಣಗುವ ಎಣ್ಣೆಯಲ್ಲಿ ಕಲಸಿದ ಬಣ್ಣ ಸಿಕ್ಕಿತು, ಅಕ್ರೋಟು ಅಥವಾ ಗಸಗಸೆಯ ಎಣ್ಣೆ ಇರಬೇಕೆಂದು 2008ರಲ್ಲಿ ಪ್ರಕಟಿಸಿದರು. ಚಿತ್ರಗಳ ಕಾಲ ಏಳನೆಯ ಶತಮಾನದ ನಡುಭಾಗ. ಬಾದಾಮಿಯಲ್ಲಿ ನಮ್ಮ ಚಾಲುಕ್ಯರು ಆಳುತ್ತಿದ್ದ ಕಾಲ. ವಾನ್ ಐಕ್ ಹುಟ್ಟಲು ಇನ್ನೂ ಏಳು ಶತಮಾನ ಬಾಕಿ.

ಇನ್ನು ನಮ್ಮ ಕುಸುಬಿ. ಮೈಯೆಲ್ಲ ಮುಳ್ಳು. ಜೋಳ, ಗೋದಿಯ ಹೊಲದ ಸುತ್ತ ನಾಲ್ಕು ಸಾಲು ಹಾಕಿದರೆ ದನ ಒಳಗೆ ಕಾಲಿಡುವುದಿಲ್ಲ. ಕೊಯ್ಯುವಾಗ ಹೆಂಗಸರು ಕೈಗೆ ಅರಿವೆ ಸುತ್ತಿಕೊಳ್ಳಬೇಕು. ಎಳೆಯದಿದ್ದಾಗ ಪಲ್ಯ, ಹೂವಿನ ಎಸಳಿನಿಂದ ಕುಸುಮೆ ಬಣ್ಣ, ಬೀಜ ನೆನೆಸಿ ಹಾಲು ತೆಗೆದರೆ ಹುಗ್ಗಿ, ಹಿಂಡಿದರೆ ಎಣ್ಣೆ. ಬ್ರಿಟಿಷರ ಕಾಲದ ಜಾರ್ಜ್ ವಾಟ್ ಭಾರತದ ಬೆಳೆ-ಉತ್ಪನ್ನಗಳ ದೊಡ್ಡ ಕೋಶವನ್ನು 1889ರಿಂದ ಹೊರತಂದನಷ್ಟೆ, ಅದರಲ್ಲಿ ಕುಸುಬಿಯಿಂದ ಎರಡು ಬಗೆಯ ಎಣ್ಣೆ ತೆಗೆಯುವುದನ್ನು ಹೇಳಿದ್ದಾನೆ. ಗಾಣದ್ದು ಅಡುಗೆಗೆ, ದೀಪಕ್ಕೆ. ಬೀಜವನ್ನು ಒಣ ಶಾಖಕ್ಕೆ ಒಡ್ಡಿ ಇಳಿಸಿದ ಕಪ್ಪು ಅಂಟೆಣ್ಣೆ ಬಾವಿಯ ಹಗ್ಗಕ್ಕೂ ನೀರೆತ್ತುವ ತೊಗಲಿಗೂ ಬಳಿಯಲು. ನೀರು ತಾಗದ ಹಾಗೆ ಮಾಡುವ ಗುಣ ರೈತನಿಗೆ ಗೊತ್ತಿತ್ತು. ಮರಿಗೆಯ ಸುದ್ದಿ ವಾಟ್ ಸಾಹೇಬನಿಗೆ ಯಾರು ಹೇಳಬೇಕು? ಅವನು ಅಡುಗೆಮನೆಗೆ ಬಂದವನಲ್ಲ.

1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕುಸುಬಿಯನ್ನು ವ್ಯಾಪಾರಕ್ಕೆ ಬೆಳೆಯತೊಡಗಿದರು. ತಿನ್ನಲಿಕ್ಕಲ್ಲ, ಪೇಂಟು ವಾರ್ನಿಶಿಗೆ. ಅಗಸೆ ಎಣ್ಣೆ ಬೇಗ ಒಣಗಿದರೂ ವರ್ಷ ಕಳೆದಂತೆ ಹಳದಿಯಾಗುತ್ತದೆ. ಕುಸುಬಿ ನಿಧಾನ, ಆದರೆ ಬಣ್ಣ ಕೆಡಿಸುವುದಿಲ್ಲ. ಬಿಳಿ ಪೇಂಟಿಗೆ ಹೇಳಿ ಮಾಡಿಸಿದ್ದು. ಈಗಲೂ ಚಿತ್ರಕಾರರ ಬಿಳಿ ಎಣ್ಣೆಬಣ್ಣವನ್ನು ಅನೇಕ ಕಂಪನಿಗಳು ಕುಸುಬಿ ಎಣ್ಣೆಯಲ್ಲಿ ಅರೆಯುತ್ತವೆ. ಆಮೇಲೆ ಅಲ್ಲಿಯ ವಿಜ್ಞಾನಿಗಳು ಒಣಗದ ಕುಸುಬಿಯನ್ನೂ ಹುಟ್ಟಿಸಿದರು. ಭಾರತದಿಂದ ಹೋದ ಬೀಜದಲ್ಲಿ ಸಿಕ್ಕ ಒಂದು ಗುಣವನ್ನು ಹಿಡಿದು ಬೆಳೆಸಿ, 1966ರಲ್ಲಿ ಬಿಡುಗಡೆ ಮಾಡಿದ ತಳಿಯ ಎಣ್ಣೆ ಕರಿಯಲಿಕ್ಕೆ ಬಲು ಒಳ್ಳೆಯದು, ಮರಿಗೆಗೆ ಪ್ರಯೋಜನವಿಲ್ಲ. ಕುಸುಬಿ ಎಂದು ಬರೆದದ್ದೆಲ್ಲ ಒಣಗುತ್ತದೆಂದು ಈಗ ನಂಬುವ ಹಾಗಿಲ್ಲ.

ನಮ್ಮ ಬೆಳವಲದಲ್ಲಿ ಬೇರೆಯೇ ಆಯಿತು. ಅಣ್ಣಿಗೇರಿಯ ಹೆಸರಿನ ಎ-1 ಎಂಬ ಕುಸುಬಿ ತಳಿ ಒಂದು ಕಾಲಕ್ಕೆ ಹೊಲಹೊಲದಲ್ಲಿತ್ತು. ಎಪ್ಪತ್ತರ ದಶಕದಿಂದ ಸೂರ್ಯಕಾಂತಿ ಬಂತು. ಅದಕ್ಕೆ ಮುಳ್ಳಿಲ್ಲ. 1994ರಲ್ಲಿ ಸರಕಾರ ಪಾಮೋಲಿನ್ ಆಮದಿನ ಬಾಗಿಲು ತೆರೆಯಿತು. ಅಂಗಡಿಯ ಅಗ್ಗದ ಪಾಕೀಟು ಮನೆಗೆ ಬಂದ ಮೇಲೆ ಮುಳ್ಳು ಚುಚ್ಚಿಸಿಕೊಂಡು ಕುಸುಬಿ ಕೊಯ್ಯುವವರು ಯಾರು? ಗಾಣಗಳು ನಿಂತವು. ಹಿತ್ತಾಳೆ ಹೋಗಿ ಸ್ಟೀಲಿನ ಪರಾತ ಬಂತು. ಮರಿಗೆಗಳಲ್ಲಿ ಕೆಲವು ಒಲೆ ಸೇರಿದವು, ಕೆಲವು ಎತ್ತುಗಳಿಗೆ ಹಿಂಡಿ ಕಲಸುವುದಕ್ಕೆ. ನಮ್ಮದು ಅವ್ವ ಇರುವ ತನಕ ಅಡುಗೆಮನೆಯಲ್ಲೇ ಇತ್ತು.

2011ರಲ್ಲಿ ಅವ್ವ ತೀರಿಕೊಂಡಳು. ಅಕ್ಕನನ್ನು ಕೊಟ್ಟದ್ದು ಅಣ್ಣಿಗೇರಿ ಕಡೆಯ ಹಳ್ಳಿಗೆ, ಆಯಿಯ ಬೆಳವಲಕ್ಕೇ ತಿರುಗಿ ಹೋದವಳು. ದಿನಾ ರೊಟ್ಟಿ ಬಡಿಯುವವಳು. ಮರಿಗೆ ಅವಳಿಗೆ ಸೇರಬೇಕಿತ್ತು. ನಾನು ಹುಬ್ಬಳ್ಳಿಯ ಮನೆಯ ಶೋಕೇಸಿನಲ್ಲಿ ಇಡುತ್ತೇನೆಂದು ಕೇಳಿದೆ. ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿ, "ತಗೋ" ಎಂದಳು.

ಮನೆಗೆ ತಂದು ನೋಡಿದರೆ ಅವ್ವ ಮಲಗಿದ್ದ ಎರಡು ವರ್ಷ ಎಣ್ಣೆ ಕಾಣದೆ ಮರಿಗೆ ಬೂದಿಬಣ್ಣಕ್ಕೆ ತಿರುಗಿತ್ತು. ಪೀಠೋಪಕರಣದ ಅಂಗಡಿಯೊಂದಕ್ಕೆ ಒಯ್ದೆ. ಅವರು ಮಷೀನಿನಿಂದ ಉಜ್ಜಿ, ಕನ್ನಡಿಯಂತೆ ವಾರ್ನಿಶು ಹೊಡೆದು ಕೊಟ್ಟರು. ಅಂಗಡಿಯವರ ತಪ್ಪೇನಿಲ್ಲ, ಹಾಗೆ ಮಾಡಿರೆಂದು ನಾನೇ ಹೇಳಿದ್ದು. ಆ ಸಲ ಎಳ್ಳ ಅಮಾವಾಸ್ಯೆಗೆ ಅಕ್ಕ ಬಂದಾಗ ಅವಳನ್ನು ಖುಷಿಪಡಿಸೋಣವೆಂದು ಅದರಲ್ಲೇ ಸಜ್ಜಿ ರೊಟ್ಟಿಯ ಹಿಟ್ಟು ಹಾಕಿ ಎಸರು ಸುರಿದೆ. ವಾರ್ನಿಶು ಗುಳ್ಳೆ ಎದ್ದಿತು. ನಾದುತ್ತಿದ್ದ ಅಕ್ಕನ ಅಂಗೈಗೆ ಅದರ ಸಿಪ್ಪೆಗಳು ಹತ್ತಿದವು. ಅವಳು ಹಿಟ್ಟನ್ನು ದನಕ್ಕೂ ಹಾಕಬೇಡವೆಂದು ಹೇಳಿ ಕೈ ತೊಳೆದುಕೊಂಡಳು. ಸಂಜೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಅಂದಳು.

"ಅರವತ್ತ ವರ್ಷದ ಕೈ ಇತ್ತು ಅದರಾಗ. ಒರಸಿ ಬಿಟ್ಟಿ ನೀ."

ಆಮೇಲೆ ನಮ್ಮಿಬ್ಬರ ನಡುವೆ ಮಾತು ನಿಲ್ಲಲಿಲ್ಲ. ಮದುವೆ ಮುಂಜಿಗಳಲ್ಲಿ ಕೂಡಿದೆವು, ಉಡಿ ತುಂಬಿಕೊಂಡೆವು. ಮರಿಗೆಯ ಮಾತು ಮಾತ್ರ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಮಗಳು ಅಟ್ಟ ಹತ್ತಿ ಅದನ್ನು ಕೆಳಗಿಳಿಸಿದಳು. ವಾರ್ನಿಶು ಕೀಳಲು ಔಷಧಿ ಸಿಗುತ್ತದಂತೆ. ತಿನ್ನುವ ಪಾತ್ರೆಗೆ ಅದು ಬೇಡವೆಂದು ನಾನು ಹೇಳಿದೆ. ಗಾಜಿನ ಚೂರಿನಿಂದ ಎಳೆ ಹಿಡಿದು ಹೆರೆಯುವುದು ಬಡಿಗೇರರ ಹಳೆಯ ಪದ್ಧತಿ. ಅವಳು ಹೊರಗೆ ಹೆರೆದಳು, ನಾನು ಒಳಗೆ. ಆಮೇಲೆ ದಪ್ಪ ಉಸುಕಿನ ಕಾಗದ, ಅದರ ಮೇಲೆ ನುಣ್ಣನೆಯದು. ಒದ್ದೆ ಅರಿವೆಯಿಂದ ಒರೆಸಿದರೆ ಕಟ್ಟಿಗೆಯ ನವಿರು ಏಳುತ್ತದೆ, ಒಣಗಿದ ಮೇಲೆ ಅದನ್ನೂ ಉಜ್ಜಬೇಕು. ಹನ್ನೊಂದು ದಿನದ ಕೆಲಸ. ಅವಳ ರಜೆ ಅದರಲ್ಲೇ ಮುಗಿಯಿತು. ಮರಿಗೆ ಹೊಸ ಕಟ್ಟಿಗೆಯಂತೆ ಬಿಳಿಚಿಕೊಂಡು ಕೂತಿತ್ತು. ಸಣ್ಣ ಕಿವಿ ಮಾತ್ರ ಹಾಗೇ ಸಣ್ಣದಾಗಿತ್ತು.

ಈಗ ಎಣ್ಣೆಯ ಪ್ರಶ್ನೆ. ಪೇಂಟಿನ ಅಂಗಡಿಯಲ್ಲಿ 'ಡಬಲ್ ಬಾಯ್ಲ್ಡ್' ಎಂದು ಅಗಸೆ ಎಣ್ಣೆ ಸಿಗುತ್ತದೆ. ಅದನ್ನು ಅಡುಗೆಮನೆಯ ಸಾಮಾನಿಗೆ ಹಚ್ಚಬೇಡಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಉಪ್ಪುಗಳನ್ನು ಕೂಡಿಸಿರುತ್ತಾರೆ. ಹುಬ್ಬಳ್ಳಿಯಲ್ಲಿ ಈಚೆಗೆ ಮರದ ಗಾಣದ ಅಂಗಡಿಗಳು ಮತ್ತೆ ಬಂದಿವೆ. ಒಂದರಲ್ಲಿ ಕಾಲು ಲೀಟರು ಕುಸುಬಿ ಎಣ್ಣೆ ತಂದು, ಮೊದಲು ಗಾಜಿನ ತುಂಡಿಗೆ ತೆಳ್ಳಗೆ ಸವರಿ ಕಿಟಕಿಯಲ್ಲಿಟ್ಟೆ. ಪಕ್ಕದಲ್ಲಿ ಅಕ್ರೋಟಿನದೊಂದು ಸವರು. ಎರಡು ವಾರ ಹೋದ ಮೇಲೆ ಬೆರಳಿಟ್ಟು ನೋಡಿದರೆ ಎರಡೂ ಕೆನೆಗಟ್ಟಿದ್ದವು, ಒಂದೆರಡು ದಿನ ಹೆಚ್ಚುಕಡಿಮೆ. ಯಾವುದು ಮೇಲು ಎಂದು ಮಗಳು ಫೋನಿನಲ್ಲಿ ಕೇಳಿದಳು. ಅವಳ ಬಾಟಲಿ ಸಣ್ಣದು, ಅಕ್ರೋಟು ಕೆಲವರ ಮೈಗೆ ಆಗುವುದಿಲ್ಲ ಬೇರೆ. ಅದನ್ನು ಹೊರಮೈಗೆ, ಕಿವಿಗಳಿಗೆ ಹಚ್ಚಿದೆ. ಒಳಗೆಲ್ಲ ಕುಸುಬಿ. ಹೋಳಿಹುಣ್ಣಿಮೆಗೆ ಒಂದು ಸಲ, ಎಂಟು ದಿನ ಬಿಟ್ಟು ಮತ್ತೊಂದು, ಮತ್ತೂ ಒಂದು. ಒರೆಸಿದ ಅರಿವೆಯನ್ನು ಪ್ರತಿ ಸಲ ಹಿತ್ತಿಲಲ್ಲಿ ಸುಟ್ಟೆ. ನಮ್ಮ ಮನೆಯಲ್ಲಿ ಈಗ ಒಲೆ ಎಲ್ಲಿದೆ!

ಯುಗಾದಿಯ ಮರುದಿನ ಅಕ್ಕನನ್ನು ಕರೆಸಿಕೊಂಡೆ. ಕಾರಣ ಹೇಳಿರಲಿಲ್ಲ. ಚಹಾ ಕುಡಿದು ಅಡುಗೆಮನೆಗೆ ಬಂದವಳು ಕಟ್ಟೆಯ ಮೇಲೆ ಮರಿಗೆ ಕಂಡು ನಿಂತಳು. ಕಣ್ಣಿನ ಪೊರೆ ತೆಗೆಸಿದ್ದಾಳೆ, ಆದರೂ ಮುಖ ಹತ್ತಿರ ಒಯ್ದು ನೋಡಿದಳು. ಮೂಗು ಹಚ್ಚಿದಳು. ಮುಂಗೈಯಿಂದ ಒಳಗೆ ಸವರಿದಳು, ಆಯಿ ಸವರುತ್ತಿದ್ದ ಹಾಗೆಯೇ. ನಳಕ್ಕೆ ಬೆರಳು ಹಿಡಿದು ಒಂದು ಹನಿ ನೀರನ್ನು ಮರಿಗೆಯ ನಡುವೆ ಬಿಟ್ಟಳು. ಹನಿ ಹರಡಲಿಲ್ಲ, ಇಂಗಲಿಲ್ಲ, ಕೆಸುವಿನೆಲೆಯ ಮೇಲಿದ್ದಂತೆ ಗುಂಡಗೆ ನಿಂತಿತು. ಅಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದಿದ್ದೆನೆಂದು ಕಾಣುತ್ತದೆ.

"ಕೊಯ್ದ ಬದಿಗೆ ಇನ್ನೊಂದ ಸಲ ಬೇಕಾಗಿತ್ತು," ಎಂದಳು ಅಕ್ಕ.

"ಬರೂ ವರ್ಷ ಹಚ್ಚೂಣು."

ಅವಳು ಸೆರಗು ಸಿಕ್ಕಿಸಿಕೊಂಡು ಡಬ್ಬಿಗಳತ್ತ ನೋಡಿದಳು. "ಜ್ವಾಳದ ಹಿಟ್ಟ ಎಲ್ಲಿಟ್ಟೀ? ಎಸರ ಇಡು."